ಊರಿನ ಹಿತ್ತಲು ಬೇರೆ, ಮುಂಬಯಿಯ ಬಾಲ್ಕನಿ ಬೇರೆ

ಮುಲುಂಡಿನಲ್ಲಿ ನಮ್ಮ ಕನ್ನಡದವರ ಕೂಟದಲ್ಲಿ ಮನೆಗಿಡಗಳ ಬಗ್ಗೆ ಮಾತಾಡಿದ್ದೆ. ಬರಲಾಗದ ಕೆಲವರು "ಬರೆದು ಕೊಡಿ" ಅಂದರು. ಆಡಿದ ಮಾತನ್ನೇ ಸ್ವಲ್ಪ ಒಪ್ಪ ಮಾಡಿ, ಕೊನೆಗೆ ಬಂದ ಪ್ರಶ್ನೆಗಳನ್ನೂ ಸೇರಿಸಿ ಇಲ್ಲಿ ಕೊಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ. ಸೊಸೈಟಿಗಳ ತೋಟ, ಮನೆಗಳ ಬಾಲ್ಕನಿ ನೋಡಿಕೊಳ್ಳುವುದು ನನ್ನ ಕೆಲಸ. ನನಗೆ ಫೋನ್ ಮಾಡುವ ನಮ್ಮವರಲ್ಲಿ ಹೆಚ್ಚಿನವರು ಒಂದೇ ಮಾತು ಹೇಳುತ್ತಾರೆ: "ದಿನಾ ನೀರು ಹಾಕ್ತೀನಿ, ಗೊಬ್ಬರ ಹಾಕ್ತೀನಿ, ಆದ್ರೂ ಗಿಡ ಒಣಗ್ತಾ ಇದೆ. ಊರಲ್ಲಿ ಸುಮ್ನೆ ಕಡ್ಡಿ ಚುಚ್ಚಿದ್ರೂ ಬರ್ತಿತ್ತು." ಊರಲ್ಲಿ ಬರುತ್ತಿತ್ತು, ನಿಜ. ಅಲ್ಲಿ ನೆಲ ಇತ್ತು. ಬೇರು ತನಗೆ ಬೇಕಾದ ಕಡೆ ಹೋಗುತ್ತಿತ್ತು, ಹೆಚ್ಚಾದ ನೀರು ಇಳಿದು ಹೋಗುತ್ತಿತ್ತು, ಬಿಸಿಲು ನಾಲ್ಕೂ ಕಡೆಯಿಂದ ಬೀಳುತ್ತಿತ್ತು. ಇಲ್ಲಿ ಹತ್ತಿಂಚಿನ ಪಾಟ್, ಒಂದೇ ದಿಕ್ಕಿನ ಬೆಳಕು, ಮೇಲೆ ಇನ್ನೊಬ್ಬರ ಬಾಲ್ಕನಿಯ ಸ್ಲ್ಯಾಬ್, ಎದುರಿಗೆ ಇಪ್ಪತ್ತು ಮಹಡಿಯ ಟವರ್. ನಾವು ಮಾತ್ರ ಊರಿನ ಹಿತ್ತಲನ್ನೇ ಮನಸ್ಸಲ್ಲಿಟ್ಟುಕೊಂಡು ನರ್ಸರಿಗೆ ಹೋಗುತ್ತೇವೆ, ಮಲ್ಲಿಗೆ ಕಂಡ ತಕ್ಷಣ ಎತ್ತಿಕೊಳ್ಳುತ್ತೇವೆ. ನಿಮ್ಮ ಕಿಟಕಿಗೆ ಎಷ್ಟು ಬೆಳಕು ಬರುತ್ತದೆ, ಈ ಊರಿನ ನಾಲ್ಕು ತಿಂಗಳ ಮಳೆಯನ್ನು ಯಾವ ಗಿಡ ತಡೆಯುತ್ತದೆ, ಇವೆರಡನ್ನು ನೋಡಿ ಗಿಡ ಆರಿಸಿದರೆ ನಿಮ್ಮ ಅರ್ಧ ಸಮಸ್ಯೆ ಹುಟ್ಟುವುದೇ ಇಲ್ಲ. ಇವತ್ತು ನಾನು ಹೇಳಬೇಕು ಅಂದುಕೊಂಡಿದ್ದು ಇಷ್ಟೇ, ಉಳಿದದ್ದೆಲ್ಲ ಅದರ ವಿವರ.

ಮೊದಲು ಬೆಳಕಿನ ವಿಷಯ. ಗಿಡ ತರುವ ಮೊದಲು ಒಂದು ರಜಾ ದಿನ ಬೆಳಿಗ್ಗೆ 7ರಿಂದ ಸಂಜೆ 6ರವರೆಗೆ ಗಂಟೆಗೊಮ್ಮೆ ಬಾಲ್ಕನಿಗೆ ಹೋಗಿ ನೋಡಿ. ಬಿಸಿಲು ಎಲ್ಲಿವರೆಗೆ ಬಿದ್ದಿದೆಯೋ ಅಲ್ಲಿ ಚಾಕ್‌ಪೀಸಿನಿಂದ ಗೆರೆ ಎಳೆದು ಗಂಟೆ ಬರೆಯಿರಿ. ಸಂಜೆ ಹೊತ್ತಿಗೆ ಯಾವ ಮೂಲೆಗೆ ಎಷ್ಟು ಗಂಟೆ ಬಿಸಿಲು ಅನ್ನುವುದು ನೆಲದ ಮೇಲೇ ಗೊತ್ತಾಗುತ್ತದೆ. "ನಮ್ಮ ಮನೆ ತುಂಬ ಬೆಳಕಿದೆ" ಅನ್ನುವವರ ಬಾಲ್ಕನಿಗೆ ನೇರ ಬಿಸಿಲು ಒಂದೂವರೆ ಗಂಟೆಯೂ ಬೀಳದಿರುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ನಮ್ಮ ಕಣ್ಣಿಗೆ ಸಾಕಾಗುವ ಬೆಳಕು ಮಲ್ಲಿಗೆಗೆ ಸಾಕಾಗುವುದಿಲ್ಲ.

ಈ ಗೆರೆಯನ್ನು ವರ್ಷಕ್ಕೆ ಎರಡು ಸಲವಾದರೂ ಎಳೆಯಬೇಕು. ಯಾಕೆಂದರೆ ಮುಂಬಯಿ ಇರುವುದು 19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್‌ನಲ್ಲಿ ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿಕೊಂಡು ಸುಮಾರು 47 ಡಿಗ್ರಿಯಷ್ಟೇ ಮೇಲೇರುತ್ತಾನೆ, ಹಾಗಾಗಿ ದಕ್ಷಿಣದ ಬಾಲ್ಕನಿಯಲ್ಲಿ ಬಿಸಿಲು ಒಳಗಿನ ಹಾಲ್‌ವರೆಗೂ ಬರುತ್ತದೆ. ಅದೇ ಮೇ ಮಧ್ಯದಲ್ಲಿ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ, ನೆರಳೇ ಇಲ್ಲದ ದಿನ ಅಂತ ಪೇಪರಿನಲ್ಲಿ ಬರುತ್ತದಲ್ಲ, ಅದು ಇಲ್ಲಿ ಮೇ ಮಧ್ಯ ಮತ್ತು ಜುಲೈ ಕೊನೆಗೆ. ಆಗ ಮೇಲಿನ ಮನೆಯ ಸ್ಲ್ಯಾಬೇ ನಿಮ್ಮ ಗಿಡಕ್ಕೆ ಛಾವಣಿ. ಚಳಿಗಾಲದಲ್ಲಿ ಚೆನ್ನಾಗಿ ಹೂ ಬಿಟ್ಟ ಗಿಡ ಮೇ ತಿಂಗಳಲ್ಲಿ ಉದ್ದುದ್ದ ಬೆಳೆದು ಸೊರಗಿತು ಅಂದರೆ ಕಾರಣ ಇದು. ಉತ್ತರದ ಬಾಲ್ಕನಿಯವರಿಗೆ ಮೇ, ಜೂನ್, ಜುಲೈನಲ್ಲಿ ಸ್ವಲ್ಪ ಬಿಸಿಲಿನ ಪಾಲು ಇದೆ, ಆದರೆ ಜೂನ್ ಎರಡನೇ ವಾರದ ಹೊತ್ತಿಗೆ ಮೋಡ ಕವಿಯುತ್ತದೆ, ಪಾಪ. ಪೂರ್ವದ ಬಾಲ್ಕನಿ ಎಲ್ಲಕ್ಕಿಂತ ಒಳ್ಳೆಯದು, ಬೆಳಗಿನ ಬಿಸಿಲು ಮೃದು. ಪಶ್ಚಿಮದ ಬಿಸಿಲು ಏಪ್ರಿಲ್‌ನಲ್ಲಿ ಎಲೆ ಸುಡುತ್ತದೆ, ಅಲ್ಲಿ ಕಾಗದದ ಹೂ, ನಿತ್ಯಪುಷ್ಪ, ದೇವಕಣಗಿಲೆ ಇಟ್ಟುಬಿಡಿ. ವರ್ಲಿ, ವರ್ಸೋವಾ ಕಡೆ ಸಮುದ್ರದ ಉಪ್ಪುಗಾಳಿ ನೇರ ಬಡಿಯುವ ಮನೆಗಳಿಗೂ ಇವೇ ಸರಿ.

ಒಂದು ಲೆಕ್ಕ ಇಟ್ಟುಕೊಳ್ಳಿ. ನೇರ ಬಿಸಿಲು ಐದಾರು ಗಂಟೆ ಇದ್ದರೆ ಮಲ್ಲಿಗೆ, ದಾಸವಾಳ, ಗುಲಾಬಿ, ಮೆಣಸಿನಕಾಯಿ, ನಿಂಬೆ. ಮೂರು ನಾಲ್ಕು ಗಂಟೆ ಇದ್ದರೆ ಕರಿಬೇವು, ಬಸಳೆ, ದೊಡ್ಡಪತ್ರೆ, ಪುದೀನ. ತುಳಸಿಯೂ ಹೇಗೋ ನಡೆಯುತ್ತದೆ. ಎರಡು ಗಂಟೆಗಿಂತ ಕಡಿಮೆ ಅಂದರೆ ವೀಳ್ಯದೆಲೆ, ಒಂದೆಲಗ, ಮನಿ ಪ್ಲಾಂಟ್. ನೇರ ಬಿಸಿಲೇ ಇಲ್ಲ ಅಂದರೆ ಹೂವಿನ ಆಸೆ ಬಿಟ್ಟು ಎಲೆ ಗಿಡಗಳ ಕಡೆ ಹೋಗಿ. ಎಸಿಯ ಹೊರಗಿನ ಡಬ್ಬಿಯಿಂದ ಬಿಸಿ ಗಾಳಿ ಬೀಸುವ ಜಾಗದಲ್ಲಿ ಮಾತ್ರ ಯಾವ ಗಿಡವನ್ನೂ ಇಡಬೇಡಿ.

ಇನ್ನು ನೀರು. ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸರಾಸರಿ 2,200 ಮಿ.ಮೀ. ಆಸುಪಾಸು ಮಳೆ ಬೀಳುತ್ತದೆ. ಪುಣೆಯಲ್ಲಿ ಇದರ ಸುಮಾರು ಕಾಲು ಭಾಗ. ಉಡುಪಿ, ಮಂಗಳೂರಿನವರು "ನಮ್ಮಲ್ಲಿ ಇದಕ್ಕಿಂತ ಜಾಸ್ತಿ ಮಳೆ" ಅನ್ನಬಹುದು. ಸರಿ, ಆದರೆ ಅಲ್ಲಿ ಮಳೆ ಬಿದ್ದಿದ್ದು ಇಳಿಜಾರಿನ ಮುರಕಲ್ಲು ನೆಲಕ್ಕೆ. ಇಲ್ಲಿ ಬೀಳುವುದು ಒಂದೇ ತೂತಿನ ಪ್ಲಾಸ್ಟಿಕ್ ಪಾಟಿಗೆ, ಆ ತೂತೂ ಮಣ್ಣು ಕಚ್ಚಿಕೊಂಡು ಮುಚ್ಚಿರುತ್ತದೆ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಸಂದುಗಳಲ್ಲಿ ನೀರೇ ತುಂಬಿಕೊಂಡರೆ ಬೇರು ಉಸಿರು ಕಟ್ಟಿ ಕೊಳೆಯುತ್ತದೆ. ಕೊಳೆತ ಬೇರು ನೀರು ಎಳೆಯಲಾರದು, ಆಗ ಎಲೆ ಬಾಡುತ್ತದೆ. ಬಾಡಿದ್ದನ್ನು ನೋಡಿ ನಾವು ಇನ್ನೊಂದು ಚೊಂಬು ನೀರು ಸುರಿಯುತ್ತೇವೆ. ಗಿಡ ಸಾಯುವುದು ಹೀಗೆ.

ಬಾಡಿದ ಗಿಡ ಕಂಡಾಗ ಮೊದಲು ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ. ಒಳಗೆ ಒಣಗಿದ್ದರೆ ನೀರು ಕೊಡಿ, ತಳದಿಂದ ಹೊರಗೆ ಬರುವವರೆಗೆ ಕೊಡಿ. ಒದ್ದೆ ಇದ್ದರೆ ನೀರು ನಿಲ್ಲಿಸಿ, ಮಳೆ ಬೀಳದ, ಗಾಳಿ ಆಡುವ ಜಾಗಕ್ಕೆ ಸರಿಸಿ, ತೂತಿಗೆ ಕಡ್ಡಿ ಹಾಕಿ ಬಿಡಿಸಿ. "ದಿನಕ್ಕೆ ಎಷ್ಟು ನೀರು?" ಅಂತ ಎಲ್ಲರೂ ಕೇಳುತ್ತಾರೆ. ದಿನದ ಲೆಕ್ಕ ಅನ್ನುವುದು ಇಲ್ಲವೇ ಇಲ್ಲ. ಮೇ ತಿಂಗಳಲ್ಲಿ ಎಂಟಿಂಚಿನ ಮಣ್ಣಿನ ಪಾಟಿಗೆ ಎರಡು ಹೊತ್ತು ಬೇಕಾಗಬಹುದು, ಅದೇ ಪಾಟಿಗೆ ಜುಲೈನಲ್ಲಿ ವಾರಗಟ್ಟಲೆ ಬೇಡದಿರಬಹುದು.

ನೀರಿನ ಜಾತಿಯೂ ಮುಖ್ಯ. ಭಾತ್ಸಾ, ವೈತರಣಾ, ತಾನ್ಸಾ ಜಲಾಶಯಗಳಿಂದ ಬರುವ ಪಾಲಿಕೆಯ ನೀರು ಗಿಡಕ್ಕೆ ಏನೂ ತೊಂದರೆ ಕೊಡುವುದಿಲ್ಲ. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಬರುವ ಕಟ್ಟಡಗಳಲ್ಲಿ ಪಾಟಿನ ಅಂಚಿಗೆ ಬಿಳಿ ಪೊರೆ ಕಟ್ಟುತ್ತದೆ, ಎಲೆಯ ತುದಿ ಕಂದಾಗಿ ಸುಡುತ್ತದೆ. ಅದು ಉಪ್ಪು. ಅಂಥವರು ಮಳೆಗಾಲದಲ್ಲಿ ಒಂದು ಸಲ ಪಾಟನ್ನು ಮಳೆಗೆ ಇಟ್ಟು ಉಪ್ಪು ತೊಳೆದು ಹೋಗಲು ಬಿಡಬೇಕು. ಆರ್‌ಓ ಯಂತ್ರ ಹೊರಗೆ ಬಿಡುವ ನೀರನ್ನು ಅಂಥ ಮನೆಗಳಲ್ಲಿ ಗಿಡಕ್ಕೆ ಹಾಕಲೇಬೇಡಿ, ಉಳಿದ ಉಪ್ಪೆಲ್ಲ ಅದರಲ್ಲೇ ಇರುತ್ತದೆ.

ಮಣ್ಣಿನ ಬಗ್ಗೆ ಮಾತಾಡುವಾಗ ಒಂದು ಗಿಡವನ್ನು ಅಲ್ಲೇ ಬಿಚ್ಚಿ ತೋರಿಸಿದೆ. ಥಾಣೆಯಿಂದ ಬಂದ ಅಕ್ಕ ಒಬ್ಬರು ಮಲ್ಲಿಗೆ ಪಾಟನ್ನು ಚೀಲದಲ್ಲಿ ಹೊತ್ತು ತಂದಿದ್ದರು. ದುಂಡು ಮಲ್ಲಿಗೆ, ಇಲ್ಲಿಯವರು ಮೋಗ್ರಾ ಅನ್ನುವುದು. ಹಳದಿ ಎಲೆ, ಮೊಗ್ಗಿಲ್ಲ. ನೀರು ಹಾಕಿದ ಕೂಡಲೇ ಕೆಳಗಿಂದ ಇಳಿದು ಹೋಗುತ್ತದೆ, ಆದರೂ ಗಿಡ ಬಾಡುತ್ತದೆ ಅಂದರು. ಪೇಪರ್ ಹಾಸಿ, ಪಾಟನ್ನು ಓರೆ ಮಾಡಿ, ಬುಡ ಹಿಡಿದು ಎಳೆದೆ. ಹೊರಗಿನ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಒದ್ದೆಯಾಗಿ ಉದುರಿತು. ಒಳಗೆ ನರ್ಸರಿಯ ಕಪ್ಪು ಜೇಡಿ ಮಣ್ಣಿನ ಉಂಡೆ ಹಾಗೇ ಇತ್ತು, ಕಲ್ಲಿನಷ್ಟು ಗಟ್ಟಿ. ಸ್ಕ್ರೂಡ್ರೈವರ್‌ನಿಂದ ಬಿರಿದರೆ ಒಳಗೆ ಒಂದು ಹನಿ ತೇವ ಇಲ್ಲ. ಬೇರುಗಳೆಲ್ಲ ಆ ಉಂಡೆಯೊಳಗೇ ಸುತ್ತಿಕೊಂಡಿದ್ದವು, ಹೊರಗೆ ಬಂದ ನಾಲ್ಕಾರು ಬೇರಿನ ತುದಿ ಕಂದಾಗಿತ್ತು, ಬೆರಳಲ್ಲಿ ಉಜ್ಜಿದರೆ ಸಿಪ್ಪೆ ಜಾರಿ ಒಳಗಿನ ನಾರು ಮಾತ್ರ ಉಳಿಯುತ್ತಿತ್ತು. ಉಂಡೆಯೊಳಗೆ ಬಾಯಾರಿಕೆ, ಹೊರಗೆ ಕೊಳೆತ, ಎರಡೂ ಒಂದೇ ಪಾಟಿನಲ್ಲಿ. ನೀರು ಉಂಡೆಗೆ ಇಳಿಯದೆ ಸುತ್ತಲಿನ ಸಡಿಲ ಮಣ್ಣಿನಲ್ಲಿ ಹರಿದು ಹೋಗುತ್ತಿತ್ತು, ಅಷ್ಟೇ.

ಗಾಡಿಯಲ್ಲಿ ಬರುವ ಗಿಡಗಳಲ್ಲಿ, ಅದರಲ್ಲೂ ಗುಲಾಬಿಯಲ್ಲಿ, ಈ ಜೇಡಿ ಉಂಡೆ ಇದ್ದೇ ಇರುತ್ತದೆ. ದೂರದಿಂದ ಸಾಗಿಸುವಾಗ ಬೇರು ಅಲುಗಾಡದಿರಲಿ ಅಂತ ಅವರು ಹಾಗೆ ಕಟ್ಟುತ್ತಾರೆ. ನೀವು ತಂದ ಮೇಲೆ ಉಂಡೆಯನ್ನು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಬೆರಳಿನಿಂದ ಮೆತ್ತಗೆ ಹೊರಗಿನ ಮಣ್ಣು ಬಿಡಿಸಿ, ಬೇರಿನ ತುದಿ ಹೊರಗೆ ಕಾಣುವ ಹಾಗೆ ಮಾಡಿ ನೆಡಿ. ಪೂರ್ತಿ ತೊಳೆಯಬೇಡಿ. ಇದನ್ನು ಮಳೆ ಶುರುವಾದ ಮೇಲೆ ಅಥವಾ ನವೆಂಬರ್ ನಂತರ ಮಾಡಿದರೆ ಒಳ್ಳೆಯದು, ಏಪ್ರಿಲ್ ಬಿಸಿಲಲ್ಲಿ ಬೇರು ಮುಟ್ಟಬಾರದು.

ಮಣ್ಣಿನ ಮಿಶ್ರಣಕ್ಕೆ ನಾನು ಹೇಳುವುದು ಇದು: ಕೆಂಪು ಮಣ್ಣು ಒಂದು ಪಾಲು, ತೊಳೆದು ಹಿಂಡಿದ ಕೋಕೋಪೀಟ್ ಒಂದು ಪಾಲು, ಎರೆಗೊಬ್ಬರ ಅಥವಾ ಚೆನ್ನಾಗಿ ಕಳಿತ ಕಾಂಪೋಸ್ಟ್ ಒಂದು ಪಾಲು, ಜೊತೆಗೆ ಕಡಲೆಕಾಳಿನ ಗಾತ್ರದ ಇಟ್ಟಿಗೆ ಚೂರು ಅರ್ಧ ಪಾಲು. ಒಂದು ಮುಷ್ಟಿ ಬೇವಿನ ಹಿಂಡಿ. ಬರೀ ಕೆಂಪು ಮಣ್ಣು ತುಂಬಿದರೆ ಮೊದಲ ಮಳೆಗೇ ಅದು ಅಂಟಿಕೊಂಡು ಕೂರುತ್ತದೆ. ಪಾಟಿನ ತಳಕ್ಕೆ ಜಲ್ಲಿಕಲ್ಲು ಹಾಕಿದರೆ ನೀರು ಚೆನ್ನಾಗಿ ಇಳಿಯುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಇಳಿಯುವುದಿಲ್ಲ. ಸಣ್ಣ ಕಣದ ಮಣ್ಣಿನಿಂದ ದೊಡ್ಡ ಕಲ್ಲಿನ ಸಂದಿಗೆ ನೀರು ಸುಲಭವಾಗಿ ದಾಟುವುದಿಲ್ಲ, ಮಣ್ಣಿನ ತಳದಲ್ಲೇ ನಿಂತುಬಿಡುತ್ತದೆ. ಕಲ್ಲು ಹಾಕಿದಷ್ಟೂ ಆ ಒದ್ದೆ ಪದರ ಬೇರಿನ ಹತ್ತಿರ ಬರುತ್ತದೆ. ತೂತಿನ ಮೇಲೆ ತೆಂಗಿನ ನಾರಿನ ತುಂಡು ಇಟ್ಟರೆ ಸಾಕು.

ಭಾರದ ಬಗ್ಗೆ ಒಂದು ಮಾತು ಹೇಳಲೇಬೇಕು. ಹನ್ನೆರಡಿಂಚಿನ ಪಾಟಿನಲ್ಲಿ ಒದ್ದೆ ಕೆಂಪು ಮಣ್ಣು ತುಂಬಿದರೆ 20 ಕಿಲೋ ದಾಟುತ್ತದೆ. ಹಳೆ ಕಟ್ಟಡಗಳ ಕಿಟಕಿಯ ಗ್ರಿಲ್‌ನಲ್ಲಿ ಅಂಥ ಪಾಟ್ ಸಾಲಾಗಿ ಇಟ್ಟಿರುವುದನ್ನು ನೋಡಿದರೆ ನನಗೆ ಕೆಳಗೆ ನಡೆಯುವವರ ನೆನಪಾಗಿ ಎದೆ ಝಲ್ಲೆನ್ನುತ್ತದೆ. ಗ್ರಿಲ್‌ನ ಬುಡ ತುಕ್ಕು ಹಿಡಿದಿದ್ದರೆ ಗಿಡ ಇಡಲೇಬೇಡಿ. ಪ್ಯಾರಾಪೆಟ್ ಮೇಲೆ ಯಾವತ್ತೂ ಬೇಡ. ಹಗುರ ಬೇಕಾದವರಿಗೆ ಈ ಊರಲ್ಲೇ ಹುಟ್ಟಿದ ದಾರಿಗಳಿವೆ. ಡಾ. ಆರ್. ಟಿ. ದೋಷಿಯವರು ಕಬ್ಬಿನ ಸಿಪ್ಪೆಯನ್ನೇ ಚೀಲಕ್ಕೆ ತುಂಬಿ, ಸ್ವಲ್ಪವೇ ಮಣ್ಣು ಸೇರಿಸಿ ಟೆರೇಸಿನಲ್ಲಿ ತರಕಾರಿ ಬೆಳೆದು ತೋರಿಸಿದರು. ಮುಂಬಯಿ ಪೋರ್ಟ್ ಟ್ರಸ್ಟ್‌ನ ಅಡುಗೆಮನೆಯ ಟೆರೇಸಿನಲ್ಲಿ ಪ್ರೀತಿ ಪಾಟೀಲ್ ಅಡುಗೆಮನೆಯ ಕಸದಿಂದಲೇ ತೋಟ ಮಾಡಿದರು. ರಸವಂತಿಯವರು, ಅಂದರೆ ಕಬ್ಬಿನ ಹಾಲಿನ ಅಂಗಡಿಯವರು, ಕಬ್ಬಿನ ಸಿಪ್ಪೆಯನ್ನು ಕೇಳಿದರೆ ಸುಮ್ನೆ ಕೊಡುತ್ತಾರೆ. ಒಣಗಿಸಿ, ಸಣ್ಣಗೆ ಕತ್ತರಿಸಿ, ಸಗಣಿ ನೀರು ಚಿಮುಕಿಸಿ ಕಳಿಯಲು ಬಿಟ್ಟು ಬಳಸಿ.

ಅಕ್ಕನ ಮಲ್ಲಿಗೆಗೆ ವಾಪಸ್ ಬರುತ್ತೇನೆ, ಯಾಕೆಂದರೆ ಅವತ್ತು ಅತಿ ಹೆಚ್ಚು ಪ್ರಶ್ನೆ ಬಂದಿದ್ದು ಮಲ್ಲಿಗೆಯ ಮೇಲೇ. ಶಂಕರಪುರದ ಮಲ್ಲಿಗೆ ಮಾಟುಂಗಾದ ಹೂವಿನ ಅಂಗಡಿಯಲ್ಲಿ ಕಂಡರೆ ಸಾಕು, ನಮ್ಮವರಿಗೆ ಮನೆಯಲ್ಲೇ ಬೆಳೆಯುವ ಆಸೆ. ಎಲೆ ಹುಲುಸಾಗಿದೆ, ಮೊಗ್ಗಿಲ್ಲ ಅಂದರೆ ಕಾರಣ ಮೂರೇ. ಬಿಸಿಲು ಸಾಲದು, ಸಾರಜನಕದ ಗೊಬ್ಬರ ಜಾಸ್ತಿಯಾಗಿದೆ, ಅಥವಾ ಸವರಿಲ್ಲ. ಮಲ್ಲಿಗೆ ಮೊಗ್ಗು ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಹಳೆ ಕಡ್ಡಿಯನ್ನು ಹಾಗೇ ಬಿಟ್ಟರೆ ಹೊಸ ಚಿಗುರು ಎಲ್ಲಿಂದ ಬರಬೇಕು? ನವೆಂಬರ್ ಕೊನೆಗೆ ಅಥವಾ ಡಿಸೆಂಬರ್‌ನಲ್ಲಿ ಗಿಡವನ್ನು ಅರ್ಧಕ್ಕೆ ಸವರಿ, ಒಣ ಕಡ್ಡಿ, ಒಳಗೆ ಹೆಣೆದುಕೊಂಡ ತೆಳು ಕಡ್ಡಿ ತೆಗೆದುಹಾಕಿ, ಉಳಿದ ಎಲೆಗಳನ್ನೂ ಕಿತ್ತು, ಸ್ವಲ್ಪ ದಿನ ನೀರು ಕಡಿಮೆ ಮಾಡಿ. ಕಣ್ಣು ಒಡೆದು ಚಿಗುರು ಕಾಣಿಸಿದ ಮೇಲೆ ಮೇಲ್ಮಣ್ಣು ಕೆದಕಿ ಎರಡು ಮುಷ್ಟಿ ಎರೆಗೊಬ್ಬರ, ಒಂದು ಚಮಚ ಕಟ್ಟಿಗೆ ಬೂದಿ. ಬೇಸಿಗೆಯಲ್ಲಿ ಒಂದು ಸುತ್ತು ಹೂ ಮುಗಿದ ಮೇಲೆ ಪ್ರತಿ ಕಡ್ಡಿಯನ್ನೂ ಎರಡು ಜೋಡಿ ಎಲೆಯ ಕೆಳಗೆ ಚಿವುಟಿ, ಮತ್ತೆ ಚಿಗುರುತ್ತದೆ, ಮತ್ತೆ ಮೊಗ್ಗು ಬರುತ್ತದೆ. ಮಳೆಗಾಲದಲ್ಲಿ ಹೂ ಕಡಿಮೆಯಾಗುವುದು ಸಹಜ, ಅದಕ್ಕೆ ಗೊಬ್ಬರ ಸುರಿಯಬೇಡಿ. ಇಷ್ಟು ಮಾಡಿಯೂ ನಾಲ್ಕು ಗಂಟೆಗಿಂತ ಕಡಿಮೆ ಬಿಸಿಲಿನ ಬಾಲ್ಕನಿಯಲ್ಲಿ ಮಲ್ಲಿಗೆ ಬಿಡುವುದಿಲ್ಲ. ಈ ಮಾತು ಹೇಳುವಾಗ ನನಗೂ ಬೇಸರವಾಗುತ್ತದೆ, ಆದರೆ ಹೇಳದೆ ನಿಮ್ಮ ದುಡ್ಡು ಹಾಳು ಮಾಡಿಸುವುದಕ್ಕಿಂತ ಇದೇ ವಾಸಿ.

ಕರಿಬೇವು. ಗಿಡ ಒಂದೇ ಕಡ್ಡಿಯಾಗಿ ಉದ್ದ ಹೋಗುತ್ತದೆ ಅನ್ನುವವರು ಎಲೆಯನ್ನು ಬಿಡಿಬಿಡಿಯಾಗಿ ಕೀಳುವವರೇ ಆಗಿರುತ್ತಾರೆ. ತುದಿಯನ್ನು ಕತ್ತರಿಯಿಂದ ಕತ್ತರಿಸಿ, ಅಲ್ಲಿಂದ ಎರಡು ಮೂರು ಕವಲು ಒಡೆಯುತ್ತದೆ. ಹೂವಿನ ಗೊಂಚಲು ಬಂದರೆ ತೆಗೆದುಬಿಡಿ. ಹುಳಿ ಮಜ್ಜಿಗೆ ಹಾಕಬಹುದಾ ಅಂತ ಕೇಳಿದರು. ಹಾಕಬಹುದು, ಒಂದು ಲೋಟಕ್ಕೆ ಆರು ಲೋಟ ನೀರು ಬೆರೆಸಿ, ತಿಂಗಳಿಗೊಮ್ಮೆ, ಮಳೆಗಾಲ ಬಿಟ್ಟು. ಮಣ್ಣಿಗೆ ಸ್ವಲ್ಪ ಹುಳಿ ಬಂದರೆ ಕಬ್ಬಿಣದ ಅಂಶ ಬೇರಿಗೆ ಸಿಗುತ್ತದೆ. ಬಿಸಿಲಿಲ್ಲದ ಗಿಡವನ್ನು ಮಜ್ಜಿಗೆ ಉಳಿಸುವುದಿಲ್ಲ. ಇನ್ನು ಎಲೆ ತಿನ್ನುವ ಹುಳ: ಚಿಕ್ಕದಿರುವಾಗ ಹಕ್ಕಿ ಹಿಕ್ಕೆಯ ಹಾಗೆ ಕಪ್ಪು ಬಿಳಿ, ದೊಡ್ಡದಾದರೆ ಹಸಿರು. ಅದು ನಿಂಬೆ ಚಿಟ್ಟೆಯ ಮರಿ. ಕರಿಬೇವು ನಿಂಬೆಯ ಕುಟುಂಬದ್ದೇ, ಅದಕ್ಕೇ ಬರುತ್ತದೆ. ಔಷಧಿ ಹೊಡೆಯಬೇಡಿ, ಅಡುಗೆಗೆ ಹಾಕುವ ಎಲೆ ಅದು. ಕೈಯಿಂದ ಎತ್ತಿ ಬೇರೆ ಕಡೆ ಬಿಡಿ. ದೊಡ್ಡ ಗಿಡವಿದ್ದರೆ ಒಂದೆರಡು ಹುಳಕ್ಕೆ ಪಾಲು ಕೊಡಿ, ಮಕ್ಕಳಿಗೆ ಚಿಟ್ಟೆ ಹೊರಬರುವುದನ್ನು ತೋರಿಸಬಹುದು.

ತುಳಸಿ ಸತ್ತರೆ ಮನೆಯವರ ಮನಸ್ಸಿಗೆ ಆಗುವ ನೋವು ಬೇರೆ ಥರದ್ದು. "ಮನೆಗೆ ಏನೋ ಕೆಟ್ಟದ್ದು" ಅಂತ ಹೆದರುತ್ತಾರೆ. ದಯವಿಟ್ಟು ಹೆದರಬೇಡಿ. ಪೂಜೆಗೆ ದಿನಾ ಒಂದು ಚೊಂಬು ನೀರು, ಜುಲೈನಲ್ಲೂ, ಅದೂ ತೂತಿಲ್ಲದ ಅಮೃತಶಿಲೆಯ ಚಿಕ್ಕ ಕಟ್ಟೆಯಲ್ಲಿ. ಬುಡಕ್ಕೆ ಅರಿಶಿನ ಕುಂಕುಮ, ಪಕ್ಕದಲ್ಲೇ ದೀಪದ ಬಿಸಿ. ಗಿಡ ಸಾಯಲು ಇಷ್ಟು ಸಾಕು. ತುಳಸಿಯನ್ನು ತೂತಿರುವ ಪಾಟಿನಲ್ಲಿ ನೆಟ್ಟು, ಆ ಪಾಟನ್ನು ಕಟ್ಟೆಯೊಳಗೆ ಇಡಿ. ಮಳೆಗಾಲದಲ್ಲಿ ಉದ್ಧರಣೆಯಷ್ಟು ನೀರು ಸಾಕು. ಕುಂಕುಮವನ್ನು ಕಟ್ಟೆಗೆ ಹಚ್ಚಿ. ಕದಿರು ಅಥವಾ ಮಂಜರಿ ಒಣಗಿ ಬೀಜ ಆಗುವ ಮೊದಲೇ ಚಿವುಟಿ, ನಿಮ್ಮ ಪದ್ಧತಿಯಲ್ಲಿ ತುಳಸಿ ಕೀಳದ ದಿನಗಳನ್ನು ಬಿಟ್ಟು. ಬೀಜ ಕಟ್ಟಿದ ಮೇಲೆ ತುಳಸಿ ಸೊರಗುವುದು ಅದರ ಸ್ವಭಾವ. ಒಂದೆರಡು ಕದಿರನ್ನು ಮಾತ್ರ ಬೀಜಕ್ಕೆ ಬಿಟ್ಟು, ಪ್ರತಿ ವರ್ಷ ಆ ಬೀಜದಿಂದ ಎರಡು ಸಸಿ ಎಬ್ಬಿಸಿಟ್ಟುಕೊಳ್ಳಿ.

ದಾಸವಾಳದ ಹಿಟ್ಟು ತಿಗಣೆ ಈ ಊರಿನ ಎಲ್ಲ ಬಾಲ್ಕನಿಗಳ ಕಾಟ. ಚಿಗುರಿನ ಸಂದಿಯಲ್ಲಿ ಬಿಳಿ ಮೇಣದ ಪುಡಿ, ಕೆಳಗಿನ ಎಲೆಗಳ ಮೇಲೆ ಅಂಟು, ಅದರ ಮೇಲೆ ಕಪ್ಪು ಬೂಷ್ಟು. ಆ ಕಡ್ಡಿಯಲ್ಲಿ ಇರುವೆಗಳ ಸಾಲು ಇದೆಯಾ ನೋಡಿ. ತಿಗಣೆ ಹೀರಿದ ರಸದ ಸಿಹಿ ಅಂಟಿಗೆ ಇರುವೆ ಬರುತ್ತದೆ, ಬಂದು ತಿಗಣೆಯನ್ನು ಕಾಯುತ್ತದೆ, ಒಂದು ಗಿಡದಿಂದ ಇನ್ನೊಂದಕ್ಕೆ ಹೊತ್ತೂ ಹಾಕುತ್ತದೆ. ಹಾಗಾಗಿ ಇರುವೆಯನ್ನು ತಡೆಯದೆ ತಿಗಣೆ ಹೋಗುವುದಿಲ್ಲ. ಜೋರಾಗಿ ಹತ್ತಿದ ತುದಿಗಳನ್ನು ಕತ್ತರಿಸಿ, ಚೀಲದಲ್ಲಿ ಕಟ್ಟಿ ಬಿಸಾಡಿ. ಉಳಿದದ್ದನ್ನು ಪೈಪಿನ ನೀರಿನಿಂದ ಜೋರಾಗಿ ತೊಳೆಯಿರಿ. ಆಮೇಲೆ ಸಂಜೆ ಹೊತ್ತು, ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಕೆಲವು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಸೇರಿಸಿ ಚೆನ್ನಾಗಿ ಕಲಕಿ, ಎಲೆಯ ಕೆಳಭಾಗಕ್ಕೆ ಹೊಡೆಯಿರಿ. ವಾರಕ್ಕೊಮ್ಮೆ, ಮೂರು ವಾರ. ಒಂದೇ ಸಲ ಹೊಡೆದು "ಬೇವಿನ ಎಣ್ಣೆ ಕೆಲಸ ಮಾಡಲ್ಲ" ಅನ್ನುವವರು ಜಾಸ್ತಿ. ಮೊಟ್ಟೆಯಿಂದ ಮರಿ ಬರುತ್ತಲೇ ಇರುತ್ತದೆ, ಒಂದು ಸಲಕ್ಕೆ ಮುಗಿಯುವುದಿಲ್ಲ.

ಇದರ ಜೊತೆ ಒಂದು ಕಥೆ ಹೇಳಬೇಕು. 2008ರಲ್ಲಿ ಕೊಯಮತ್ತೂರಿನಲ್ಲಿ ಪಪ್ಪಾಯಿ ಹಿಟ್ಟು ತಿಗಣೆ ಮೊದಲು ಕಾಣಿಸಿಕೊಂಡು, ಪಪ್ಪಾಯಿ, ಹಿಪ್ಪುನೇರಳೆ, ದಾಸವಾಳ ಎಲ್ಲವನ್ನೂ ಹಾಳು ಮಾಡಿತು. ಯಾವ ಔಷಧಿಗೂ ಬಗ್ಗಲಿಲ್ಲ. 2010ರಲ್ಲಿ ಬೆಂಗಳೂರಿನ ಕೀಟ ಸಂಶೋಧನಾ ಸಂಸ್ಥೆಯವರು ಪೋರ್ಟೊ ರಿಕೊದಿಂದ ಅದರ ಶತ್ರು ಕಣಜಗಳನ್ನು ತರಿಸಿ, ಬೆಳೆಸಿ ಬಿಟ್ಟರು. ಕಣ್ಣಿಗೆ ಸರಿಯಾಗಿ ಕಾಣದಷ್ಟು ಚಿಕ್ಕ ಕಣಜ, ತಿಗಣೆಯೊಳಗೆ ಮೊಟ್ಟೆ ಇಡುತ್ತದೆ. ತಿಗಣೆ ಹತೋಟಿಗೆ ಬಂತು. ಅದಕ್ಕೇ ನಾನು ಬಾಲ್ಕನಿಗೆ ಘಾಟಿನ ಕೀಟನಾಶಕ ಬೇಡವೇ ಬೇಡ ಅನ್ನುವುದು. ಅದು ಇಂಥ ಸಹಾಯಕರನ್ನು ಮೊದಲು ಕೊಲ್ಲುತ್ತದೆ, ಜೊತೆಗೆ ಮನೆಯಲ್ಲಿ ಮಕ್ಕಳಿದ್ದಾರೆ.

ಈಗ ನನಗೆ ಇಷ್ಟವಾದ ಭಾಗ. ಮುಂಬಯಿಯ ಮಳೆಗಾಲವನ್ನು ಬೈಯುವ ಬದಲು, ಮಳೆಯನ್ನೇ ಉಂಡು ಬೆಳೆಯುವ ಗಿಡ ಹಾಕಿ. ಕರಾವಳಿಯವರಿಗೆ ಇವು ಹೊಸತಲ್ಲ. ಅರಿಶಿನದ ಗೆಡ್ಡೆಯನ್ನು ಮೇ ಕೊನೆಗೆ ಹನ್ನೆರಡಿಂಚಿನ ಪಾಟಿನಲ್ಲಿ ಎರಡಿಂಚು ಆಳಕ್ಕೆ ಹೂತರೆ ನಾಗರ ಪಂಚಮಿಯ ಹೊತ್ತಿಗೆ ಕಡುಬಿಗೆ ಎಲೆ ಸಿಗುತ್ತದೆ, ಗಣೇಶ ಚೌತಿಗೆ ಇನ್ನೂ ಅಗಲದ ಎಲೆ. ಡಿಸೆಂಬರ್‌ನಲ್ಲಿ ಎಲೆಯೆಲ್ಲ ಹಳದಿಯಾಗಿ ಬೀಳುತ್ತದೆ. ಸತ್ತಿತು ಅಂತ ಬಿಸಾಡಬೇಡಿ, ಗೆಡ್ಡೆ ಒಳಗೆ ಮಲಗಿರುತ್ತದೆ. ಕೆಸುವಿಗೆ ಒದ್ದೆ ಮಣ್ಣು ಅಂದರೆ ಪ್ರಾಣ, ಪತ್ರೊಡೆಗೂ ಆಯಿತು, ಪಕ್ಕದ ಮನೆಯ ಮರಾಠಿ ತಾಯಿಯ ಅಳೂ ವಡಿಗೂ ಆಯಿತು. ಗೆಡ್ಡೆ ಮಾತ್ರ ತಿನ್ನುವ ಜಾತಿಯದ್ದೇ ಅಂತ ಗೊತ್ತಿರುವವರಿಂದ ತನ್ನಿ. ಬಸಳೆಯ ಕಡ್ಡಿಯನ್ನು ಮಾರ್ಕೆಟ್ಟಿನ ಕಟ್ಟಿನಿಂದಲೇ ಆರಿಸಿ ಚುಚ್ಚಬಹುದು, ಗ್ರಿಲ್‌ಗೆ ಹಬ್ಬಿಸಿದರೆ ಬೇಗ ಮನೆಗೆ ಸಾಕಾಗುವಷ್ಟು ಆಗುತ್ತದೆ. ಒಂದೆಲಗ ಅಗಲದ ಟ್ರೇಯಲ್ಲಿ ನೆರಳಲ್ಲೂ ಬರುತ್ತದೆ. ವೀಳ್ಯದೆಲೆ ಈ ಊರಿನ ತೇವದ ಗಾಳಿಗೆ ಹೇಳಿ ಮಾಡಿಸಿದ ಬಳ್ಳಿ, ಪಾಲ್ಘರ್ ಕಡೆಯ ಕೆಳ್ವೆ ಮಾಹಿಮ್‌ನಲ್ಲಿ ಅದರ ತೋಟಗಳೇ ಇವೆ. ಮೂರು ಗೆಣ್ಣಿನ ಕಡ್ಡಿಯನ್ನು ಜುಲೈನಲ್ಲಿ ನೆಡಿ, ಮಧ್ಯಾಹ್ನದ ಬಿಸಿಲು ತಾಗಿಸಬೇಡಿ, ನೀರು ಬುಡದಲ್ಲಿ ನಿಲ್ಲಿಸಬೇಡಿ. ದೊಡ್ಡಪತ್ರೆಯನ್ನು ಮಾತ್ರ ಮಳೆಗೆ ಇಡಬೇಡಿ, ಅದರ ಕಾಂಡ ಕೊಳೆಯುತ್ತದೆ.

ಟೊಮೆಟೊ, ಕೊತ್ತಂಬರಿಯ ಹಟ ಇರುವವರು ದಸರಾ ಆಸುಪಾಸು ಬೀಜ ಹಾಕಿ. ರಾತ್ರಿ ಸೆಕೆ ಇದ್ದರೆ ಟೊಮೆಟೊ ಹೂ ಉದುರುತ್ತದೆ, ಕಾಯಿ ಕಚ್ಚುವುದಿಲ್ಲ. ನವೆಂಬರ್‌ನಿಂದ ಫೆಬ್ರುವರಿವರೆಗಿನ ತಂಪೇ ಅದರ ಕಾಲ. ಇಲ್ಲಿನ ಮಾರ್ಕೆಟ್ಟಿನಲ್ಲಿ ಚಿಕ್ಕ ಚಿಕ್ಕ ಕಟ್ಟಿನ ಸಮುದ್ರ ಮೇಥಿ ನೋಡಿದ್ದೀರಲ್ವಾ, ಬಿಳಿ ಕಾಂಡದ್ದು? ಮರಳು ನೆಲದಲ್ಲಿ ಬೆಳೆದು ಎಳೆಯದರಲ್ಲೇ ಕೀಳುವ ಸೊಪ್ಪು ಅದು. ಮನೆಯ ಮೆಂತ್ಯದ ಕಾಳನ್ನೇ ರಾತ್ರಿ ನೆನೆಸಿ ಟ್ರೇಯಲ್ಲಿ ಒತ್ತಾಗಿ ಹರಡಿದರೆ ಎರಡು ವಾರದೊಳಗೆ ನಿಮ್ಮದೂ ತಯಾರು. ಮಕ್ಕಳಿಗೆ ಮೊದಲ ಬೆಳೆ ಇದೇ ಆಗಲಿ.

ಗುಲಾಬಿಯ ವಿಷಯದಲ್ಲಿ ಪುಣೆಯವರ ಜೊತೆ ಪೈಪೋಟಿ ಬೇಡ. ಅಲ್ಲಿ ಸುಮಾರು 560 ಮೀಟರ್ ಎತ್ತರ, ಒಣಗಾಳಿ, ತಂಪು ರಾತ್ರಿ. ಜನವರಿಯಲ್ಲಿ ಎಂಪ್ರೆಸ್ ಗಾರ್ಡನ್‌ನ ಹೂವಿನ ಪ್ರದರ್ಶನ ನೋಡಿ ಬಂದು ಅದೇ ಗುಲಾಬಿ ಚೆಂಬೂರಿನಲ್ಲಿ ಬೇಕು ಅಂದರೆ ಮಳೆಗಾಲದಲ್ಲಿ ಕಪ್ಪು ಚುಕ್ಕೆ ರೋಗ ಬಂದು ಎಲೆಯೆಲ್ಲ ಉದುರುತ್ತದೆ. ಇಲ್ಲಿ ದೇಸಿ ಗುಲಾಬಿ ತಡೆಯುತ್ತದೆ. ಕಸಿ ಕಟ್ಟಿದ ಗಂಟಿನ ಕೆಳಗಿಂದ ಬರುವ ಚಿಗುರನ್ನು ಮಾತ್ರ ಆಗಾಗ ಮುರಿದು ಹಾಕಿ.

ಮನೆಯ ಗಾಳಿ ಶುದ್ಧ ಮಾಡುತ್ತದೆ ಅಂತ ಹೇಳಿ "ಆಕ್ಸಿಜನ್ ಗಿಡ" ಮಾರುತ್ತಾರಲ್ಲ, ಅದರ ಬಗ್ಗೆ ಒಬ್ಬರು ಕೇಳಿದರು. 1989ರಲ್ಲಿ ನಾಸಾದವರು ಮುಚ್ಚಿದ ಡಬ್ಬಿಯಲ್ಲಿ ಗಿಡ ಇಟ್ಟು ಮಾಡಿದ ಪ್ರಯೋಗವೇ ಈ ಮಾತಿನ ಮೂಲ. 2019ರಲ್ಲಿ ಅಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಲೆಕ್ಕ ಹಾಕಿದ ವಿಜ್ಞಾನಿಗಳು, ಕಿಟಕಿಯಿಂದ ಬರುವ ಗಾಳಿಯಷ್ಟು ಶುದ್ಧಿ ಮಾಡಲು ಪ್ರತಿ ಚದರ ಮೀಟರಿಗೆ 10ರಿಂದ 1,000 ಗಿಡ ಬೇಕಾಗುತ್ತದೆ ಅಂತ ಕಂಡುಕೊಂಡರು. ಗಾಳಿಗೆ ಕಿಟಕಿ ತೆರೆಯಿರಿ. ಹಸಿರು ಕಣ್ಣಿಗೆ ಹಿತ, ಅದಕ್ಕಾಗಿ ಗಿಡ ಇಡಿ, "ಆಕ್ಸಿಜನ್" ಅನ್ನುವ ಹೆಸರಿಗೆ ಜಾಸ್ತಿ ದುಡ್ಡು ಕೊಡಬೇಡಿ.

ಪಾಟಿನ ಕೆಳಗಿನ ತಟ್ಟೆ, ಮನಿ ಪ್ಲಾಂಟಿನ ಬಾಟಲಿ, ಎರಡರಲ್ಲೂ ಡೆಂಗಿ ಸೊಳ್ಳೆ ಮೊಟ್ಟೆ ಇಡುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ. ವಾರಕ್ಕೊಂದು ದಿನ ಗೊತ್ತು ಮಾಡಿ ಎಲ್ಲ ತಟ್ಟೆ ಖಾಲಿ ಮಾಡಿ, ಒಳಗೆ ಉಜ್ಜಿ ತೊಳೆಯಿರಿ, ಯಾಕೆಂದರೆ ಮೊಟ್ಟೆ ಅಂಚಿಗೆ ಅಂಟಿಕೊಂಡಿರುತ್ತದೆ. ಮಳೆಗಾಲದಲ್ಲಿ ಬಾಲ್ಕನಿಯಲ್ಲಿ ತಟ್ಟೆಯೇ ಬೇಡ. ಪಾಲಿಕೆಯವರು ಮನೆಗೆ ಬಂದು ನೋಡಿದಾಗ ಸಿಟ್ಟಾಗಬೇಡಿ, ಒಳಗೆ ಕರೆದು ತೋರಿಸಿ.

ಪಾರಿವಾಳದ ಪ್ರಶ್ನೆ ಬರದ ಸಭೆಯೇ ಇಲ್ಲ. ಸಸಿ ಕೀಳುತ್ತವೆ, ಪಾಟಿನಲ್ಲೇ ಮೊಟ್ಟೆ ಇಡುತ್ತವೆ. ಬಲೆ ಹಾಕಿಸುವುದೊಂದೇ ನಿಜವಾದ ಉಪಾಯ. ಅದಾಗದಿದ್ದರೆ ಹೊಸ ಸಸಿಯ ಸುತ್ತ ಪೊರಕೆ ಕಡ್ಡಿಗಳನ್ನು ಒತ್ತಾಗಿ ಚುಚ್ಚಿ, ಕೂರಲು ಜಾಗ ಸಿಗದ ಹಾಗೆ. ಹಿಕ್ಕೆ ಒಳ್ಳೆ ಗೊಬ್ಬರ ಅಂತ ಕೆರೆದು ಹಾಕುವವರಿದ್ದಾರೆ. ಬೇಡ. ಒಣಗಿದ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ನೀರು ಚಿಮುಕಿಸಿ, ಮಾಸ್ಕ್ ಹಾಕಿ ಒರೆಸಿ.

ಕೊನೆಯ ಪ್ರಶ್ನೆ ಡೊಂಬಿವಲಿಯ ಹಿರಿಯರೊಬ್ಬರದು: "ಮೇ ತಿಂಗಳಲ್ಲಿ ಹದಿನೈದು ದಿನ ಊರಿಗೆ ಹೋಗ್ತೀವಿ, ಬರೋದ್ರೊಳಗೆ ಗಿಡ ಎಲ್ಲ ಹೋಗಿರುತ್ತೆ, ಏನು ಮಾಡೋದು?" ಹೊರಡುವ ಎರಡು ದಿನ ಮೊದಲು ಎಲ್ಲ ಪಾಟುಗಳನ್ನೂ ನೇರ ಬಿಸಿಲು ತಾಗದ ಕಡೆ ಒತ್ತೊತ್ತಾಗಿ ಸೇರಿಸಿಡಿ, ಒಂದರ ನೆರಳು ಇನ್ನೊಂದಕ್ಕೆ ಸಿಗುತ್ತದೆ. ಹೂ, ಮೊಗ್ಗು, ಉದ್ದ ಚಿಗುರು ಸವರಿಬಿಡಿ, ಎಲೆ ಕಡಿಮೆಯಾದರೆ ನೀರಿನ ಖರ್ಚೂ ಕಡಿಮೆ. ಮಣ್ಣಿನ ಮೇಲೆ ತೆಂಗಿನ ನಾರು ಅಥವಾ ಒಣ ಎಲೆ ದಪ್ಪಗೆ ಹಾಸಿ. ಮುಚ್ಚಳ ಇರುವ ಬಕೆಟ್ ತುಂಬ ನೀರು ಇಟ್ಟು, ಮುಚ್ಚಳದಲ್ಲಿ ಸಣ್ಣ ತೂತು ಮಾಡಿ, ಹಳೆ ಹತ್ತಿ ಸೀರೆ ಅಂಚಿನ ಬತ್ತಿಗಳನ್ನು ಪೂರ್ತಿ ಒದ್ದೆ ಮಾಡಿ ಒಂದು ತುದಿ ಬಕೆಟ್ಟಿನ ತಳಕ್ಕೆ, ಇನ್ನೊಂದು ತುದಿ ಪಾಟಿನ ಮಣ್ಣಿನೊಳಗೆ ಮೂರಿಂಚು ಇಳಿಸಿ. ಬಕೆಟ್ ಪಾಟಿಗಿಂತ ಸ್ವಲ್ಪ ಎತ್ತರದಲ್ಲಿರಲಿ. ಹೊರಡುವ ಮೊದಲೇ ಒಂದೆರಡು ದಿನ ಓಡಿಸಿ ನೋಡಿ, ಬತ್ತಿ ದಪ್ಪ ಇದ್ದರೆ ಬಕೆಟ್ ಬೇಗ ಖಾಲಿಯಾಗುತ್ತದೆ. ದೊಡ್ಡ ಪಾಟುಗಳಿಗೆ ಇದು ಸಾಲದು, ಪಕ್ಕದ ಮನೆಯವರಿಗೆ ಕೀಲಿ ಕೊಟ್ಟು ಹೋಗುವುದೇ ಒಳ್ಳೆಯದು, "ಬೆರಳಿಟ್ಟು ನೋಡಿ, ಒಣಗಿದ್ದರೆ ಮಾತ್ರ ಹಾಕಿ" ಅಂತ ಹೇಳಿ ಹೋಗಿ. ವಾಪಸ್ ಬಂದ ದಿನವೇ ಗಿಡಗಳನ್ನು ಬಿಸಿಲಿಗೆ ಸರಿಸಬೇಡಿ, ಗೊಬ್ಬರವನ್ನೂ ಹಾಕಬೇಡಿ. ನೀರು ಕೊಟ್ಟು ನಾಲ್ಕು ದಿನ ನೆರಳಲ್ಲೇ ಬಿಡಿ, ಹೊಸ ಚಿಗುರು ಕಾಣಿಸಿದ ಮೇಲೆ ಒಂದೊಂದಾಗಿ ಅವುಗಳ ಜಾಗಕ್ಕೆ ಇಡಿ.